ಅಕ್ಕೋರಿಗೆ ಕೇಳಿ: ಗುಮ್ಮಟದೊಳಗೆ ನಮ್ಮೂರ ಆಕಾಶ

ಹೋದ ಸಂಚಿಕೆಯಲ್ಲಿ ತಾರಾಲಯಕ್ಕೆ ನೂರು ತುಂಬಿದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹುಟ್ಟುಹಬ್ಬ ಅಂತ ತಾರಾಲಯದವರು ವಿಶೇಷ ಪ್ರದರ್ಶನ, ಉಪನ್ಯಾಸ, ರಾತ್ರಿ ಟೆಲಿಸ್ಕೋಪ್ ಎಲ್ಲ ಇಡುತ್ತಾರೆ, ಸಿಕ್ಕಿದರೆ ಮಕ್ಕಳನ್ನು ಕರ್ಕೊಂಡು ಹೋಗಿ ಅಂದಿದ್ದೆ, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯವರದ್ದೇ ಜಾಸ್ತಿ. ಬೇಸಾಯದ ಪ್ರಶ್ನೆಗಳನ್ನೆಲ್ಲ ಈ ಸಲ ಪಕ್ಕಕ್ಕಿಟ್ಟಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಹೊನ್ನಾವರದ ಕಾಲೇಜು ಹುಡುಗ: ನೂರು ವರ್ಷ ಅಂತೀರಿ, ಬೆಂಗಳೂರಿನ ತಾರಾಲಯ 1989ರದ್ದಲ್ವಾ? ಹಾಗಾದರೆ ಯಾರ ಹುಟ್ಟುಹಬ್ಬ ಇದು?

ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರದ್ದೇ, ನೀನು ಹೇಳಿದ್ದು ಸರಿ. ಮಂಗಳೂರು ಹತ್ತಿರದ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ ಇನ್ನೂ ಚಿಕ್ಕದು, 2018ರದ್ದು. ನೂರು ತುಂಬಿದ್ದು ಇವಕ್ಕಲ್ಲ, ಇವೆಲ್ಲದರ ಅಜ್ಜನಿಗೆ. ಜರ್ಮನಿಯ ಮ್ಯೂನಿಕ್ ಊರಿನ ಡಾಯ್ಚಸ್ ಮ್ಯೂಸಿಯಂನಲ್ಲಿ ಮೊದಲ ತಾರಾಲಯ 1925ರ ಮೇ 7ರಂದು ಜನರಿಗೆ ತೆರೆಯಿತು. ಅದಕ್ಕೂ ಮೊದಲು, 1923ರ ಅಕ್ಟೋಬರ್‌ನಲ್ಲಿ, ಅಲ್ಲೇ ಒಮ್ಮೆ ಅದನ್ನು ತೋರಿಸಿದ್ದರು. ಹಾಗಾಗಿ ಲೋಕದ ತಾರಾಲಯದವರೆಲ್ಲ ಸೇರಿ 2023ರಿಂದ 2025ರವರೆಗೂ ಹಬ್ಬ ಮಾಡಿದರು. ನಮ್ಮ ಜಾತ್ರೆಯವರೂ ಇಷ್ಟು ಎಳೆಯೋದಿಲ್ಲ.

ಅದರ ಕಥೆ ಚೆನ್ನಾಗಿದೆ. ದೊಡ್ಡ ಗೋಲ ಕಟ್ಟಿ, ಅದಕ್ಕೆ ನಕ್ಷತ್ರ ಅಂಟಿಸಿ, ಗೋಲವನ್ನೇ ತಿರುಗಿಸೋಣ ಅಂತ ಮೊದಲು ಲೆಕ್ಕ ಹಾಕಿದ್ದರು. ಮಸೂರ, ದುರ್ಬೀನು ಮಾಡುವ ತ್ಸೈಸ್ ಕಂಪನಿಯ ಎಂಜಿನಿಯರ್ ವಾಲ್ಟರ್ ಬಾವರ್ಸ್‌ಫೆಲ್ಡ್ ಅದನ್ನು ತಿರುವು ಹಾಕಿದರು. ಗುಮ್ಮಟ ಸುಮ್ನೆ ನಿಂತಿರಲಿ, ನಡುವೆ ಇಟ್ಟ ದೀಪದ ಯಂತ್ರ ತಿರುಗಲಿ ಅಂದರು. ಆ ಮೊದಲ ಯಂತ್ರ ಸುಮಾರು 4,500 ನಕ್ಷತ್ರ ತೋರಿಸುತ್ತಿತ್ತು. ಒಂದೇ ಕೊರತೆ, ಅದಕ್ಕೆ ಮ್ಯೂನಿಕ್ಕಿನ ಆಕಾಶ ಬಿಟ್ಟು ಬೇರೆ ಊರಿನದ್ದು ಗೊತ್ತಿರಲಿಲ್ಲ. ಯಾವ ಊರಿನ ಆಕಾಶ ಬೇಕಾದರೂ ತೋರಿಸುವ ಯಂತ್ರ ಆಮೇಲೆ ಬಂತು. ಈ ಮಾತನ್ನು ನೆನಪಿಟ್ಕೊಳ್ಳಿ, ಮುಂದಿನ ಉತ್ತರಕ್ಕೆ ಬೇಕು.

ಅಂಕೋಲಾದಿಂದ ಒಬ್ಬ ಗೃಹಿಣಿ: ಅಕ್ಕೋರೇ, 1980ರ ಗ್ರಹಣದ ದಿನ ನಮ್ಮತ್ತೆ ಬಾಗಿಲು ಹಾಕ್ಕೊಂಡು ಒಳಗೇ ಕೂತಿದ್ದರಂತೆ. ಈಗ ಎಂಬತ್ತು ದಾಟಿದೆ. ಟೀವಿಯಲ್ಲಿ ಗ್ರಹಣ ಬಂದಾಗಲೆಲ್ಲ "ನಮ್ಮ ಮನೆ ಮೇಲೇ ಆಗಿತ್ತು, ನಾನೇ ನೋಡ್ಲಿಲ್ಲ" ಅಂತ ಹಲುಬುತ್ತಾರೆ. ತಾರಾಲಯದಲ್ಲಿ ಅದನ್ನು ತೋರಿಸಲಿಕ್ಕೆ ಆಗ್ತದಾ?

ಆಗ್ತದೆ ತಂಗೀ, ಖಂಡಿತ ಆಗ್ತದೆ. ಈ ಕಟ್ಟು ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಶ್ನೆ ನಿನ್ನದೇ.

ಗೊತ್ತಿಲ್ಲದವರಿಗೆ ಹೇಳ್ತೇನೆ. 1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರ ದಾಟಿ ಭಾರತದ ನೆಲಕ್ಕೆ ಕಾಲಿಟ್ಟದ್ದೇ ನಮ್ಮ ಅಂಕೋಲಾ ಕಡೆಯಿಂದ. ಅಲ್ಲಿಂದ ಘಟ್ಟ ಹತ್ತಿ, ಗದಗ, ರಾಯಚೂರು ಕಡೆ ಹಾದು ಆಂಧ್ರಕ್ಕೆ ಹೋಯಿತು. ವಿಜ್ಞಾನಿಗಳು ಉಪಕರಣ ಹೊತ್ತುಕೊಂಡು ಆ ದಾರಿಯುದ್ದಕ್ಕೂ ಬಂದು ಬಿಡಾರ ಹೂಡಿದ್ದರು. ನಾವು ಊರಿನವರು ಬಾಗಿಲಿಗೆ ಅಗಳಿ ಹಾಕಿದೆವು. ನಿಮ್ಮತ್ತೆ ಒಬ್ಬರೇ ಅಲ್ಲ, ಊರಿಗೆ ಊರೇ ಒಳಗಿತ್ತು.

ನಾನಾಗ ನಾಲ್ಕನೇ ಇಯತ್ತೆ, ಅಜ್ಜನ ಮನೆಯಲ್ಲಿದ್ದೆ. ಕಿಟಕಿಗೆ ಕಂಬಳಿ ಕಟ್ಟಿದ್ದರು. ಆದರೆ ಹಂಚಿನ ಮಾಡು ನೋಡಿ, ಅದಕ್ಕೆ ಕಂಬಳಿ ಕಟ್ಟಲಿಕ್ಕೆ ಆಗಲಿಲ್ಲ. ಹಂಚಿನ ಸಂದಿಯಿಂದ ದಿನಾ ನೆಲಕ್ಕೆ ಬೀಳುತ್ತಿದ್ದ ದುಂಡು ಬಿಸಿಲ ಬೊಟ್ಟುಗಳು ಅವತ್ತು ಮಧ್ಯಾಹ್ನ ಒಂದು ಕಡೆಯಿಂದ ಸವೆಯುತ್ತಾ ಬಂದವು. ಮೊದಲು ಕಚ್ಚಿದ ರೊಟ್ಟಿ ಹಾಗೆ, ಆಮೇಲೆ ಉಗುರಿನ ತುದಿ ಹಾಗೆ, ಸಗಣಿ ಸಾರಿಸಿದ ನೆಲದ ತುಂಬ ಹತ್ತಾರು ಪುಟ್ಟ ಚಂದ್ರಗಳು. ಮೂರೂವರೆ ದಾಟಿರಬೇಕು, ಎಲ್ಲ ಒಟ್ಟಿಗೇ ಅಳಿಸಿಹೋದವು. ಹೊರಗೆ ಕಾಗೆ ಗಲಾಟೆ. ಅಜ್ಜಿ ನನ್ನ ತಲೆ ಮೇಲೆ ಸೆರಗು ಎಳೆದಳು. ಎರಡು ನಿಮಿಷ ಚಿಲ್ಲರೆ ಇದ್ದಿರಬಹುದು. ಆಮೇಲೆ ಮತ್ತೆ ಚಂದ್ರಗಳು, ಈ ಸಲ ಬೆನ್ನು ತಿರುಗಿಸಿಕೊಂಡು. ಸಂದಿಯ ತೂತಿನಿಂದ ಬಿದ್ದದ್ದು ಸೂರ್ಯನ ಚಿತ್ರವೇ ಅಂತ ನನಗೆ ತಿಳಿದದ್ದು ಟೀಚರ್ ಟ್ರೇನಿಂಗಿಗೆ ಹೋದ ಮೇಲೆ. ನಿಮ್ಮತ್ತೆಯನ್ನು ಒಮ್ಮೆ ಕೇಳಿ ನೋಡು. ಹಂಚಿನ ಮನೆಯಾಗಿದ್ದರೆ ಅವರೂ ಗ್ರಹಣ ನೋಡಿರುತ್ತಾರೆ, ನೋಡಿದ್ದು ಗೊತ್ತಿರಲಿಕ್ಕಿಲ್ಲ ಅಷ್ಟೇ.

ಈಗ ತಾರಾಲಯದ ವಿಷಯ. ಇವತ್ತಿನ ಡಿಜಿಟಲ್ ತಾರಾಲಯಕ್ಕೆ ಊರು, ತಾರೀಖು, ಹೊತ್ತು ಮೂರನ್ನೂ ಕೊಟ್ಟರೆ ಸಾಕು. ಅಂಕೋಲಾ, 1980 ಫೆಬ್ರವರಿ 16, ಮಧ್ಯಾಹ್ನ ಎರಡೂಕಾಲಿನಿಂದ ಶುರು ಮಾಡಿ ಅಂದರೆ ಸೂರ್ಯ ಪಡುವಣಕ್ಕೆ ಇಳಿಯುತ್ತಾ ಇದ್ದ ಹಾಗೇ ಚಂದ್ರ ಅದರ ಮೇಲೆ ಸರಿಯುತ್ತದೆ. ಕತ್ತಲಾದಾಗ ಸೂರ್ಯನಿಂದ ಸಾಕಷ್ಟು ಮೇಲೆ ಶುಕ್ರ ಹೊಳೆಯುತ್ತದೆ, ಅವತ್ತು ಅದು ಅಲ್ಲೇ ಇತ್ತು. ಸುತ್ತ ಬೆಳ್ಳಗೆ ಹರಡುವ ಪ್ರಭೆಗೆ ಕರೋನಾ ಅಂತ ಹೆಸರು. (ಈಗ ಆ ಹೆಸರು ಹೇಳಿದರೆ ಮನೆಯವರು ಮಾಸ್ಕ್ ಹುಡುಕ್ತಾರೆ.) ಆ ವರ್ಷ ಸೂರ್ಯನಲ್ಲಿ ಕಲೆಗಳು ಜೋರಾಗಿದ್ದ ಕಾಲ, ಅಂಥ ವರ್ಷಗಳಲ್ಲಿ ಕರೋನಾ ಒಂದೇ ಕಡೆ ಚಾಚದೆ ಸುತ್ತಲೂ ದಾಸವಾಳದ ಹಾಗೆ ಬಿಚ್ಚಿಕೊಳ್ಳುತ್ತದೆ. ಗುಮ್ಮಟದಲ್ಲಿ ತೋರಿಸುವುದು ಚಿತ್ರ, ನಿಜ. ಮೈಗೆ ತಣ್ಣಗಾಗುವುದು, ಕಾಗೆ ಕೂಗುವುದು ಅಲ್ಲಿ ಸಿಗೋದಿಲ್ಲ.

ಆದರೆ ಟಿಕೆಟ್ ತಗೊಂಡು ಕೂತರೆ ಇದು ತಾನಾಗಿ ಬರೋದಿಲ್ಲ. ಮೊದಲೇ ಪತ್ರ ಬರೆದು ಕೇಳಬೇಕು. ಮಾಮೂಲಿ ದಿನದಲ್ಲಿ ಆಗಲಿಕ್ಕಿಲ್ಲ, ವಾರ್ಷಿಕೋತ್ಸವದ ವಿಶೇಷ ಕಾರ್ಯಕ್ರಮಗಳಲ್ಲಿ ಇಂಥದ್ದಕ್ಕೆ ಜಾಗ ಇರುತ್ತದೆ. ಅಂಕೋಲಾದ ಹತ್ತಿಪ್ಪತ್ತು ಹಿರಿಯರ ಹೆಸರು ಸೇರಿಸಿ ಕೇಳಿದರೆ ಇಲ್ಲ ಅನ್ನೋದು ಅವರಿಗೂ ಕಷ್ಟ. ಪ್ರಯಾಣ ಆಗದು ಅಂದರೆ ಸ್ಟೆಲ್ಲೇರಿಯಂ ಅಂತ ಒಂದು ಸಾಫ್ಟ್‌ವೇರ್ ಇದೆ, ಕಂಪ್ಯೂಟರಿಗೆ ಪುಕ್ಕಟೆ. ಮೊಮ್ಮಕ್ಕಳಿಗೆ ಹೇಳು, ಅದೇ ತಾರೀಖು ಹಾಕಿ, ಕೋಣೆ ಕತ್ತಲು ಮಾಡಿ, ಗೋಡೆಗೆ ಪ್ರೊಜೆಕ್ಟರ್ ಬಿಡಲಿ. ಮನೆ ಬಾಗಿಲು ಈ ಸಲವೂ ಹಾಕಬೇಕಾಗ್ತದೆ, ಅದೊಂದು ತಮಾಷೆ.

ಶಿರಸಿ ಹತ್ತಿರದ ತೋಟಿಗರು: ನಾವು ಮಳೆಯನ್ನೆಲ್ಲ ನಕ್ಷತ್ರದ ಲೆಕ್ಕದಲ್ಲೇ ಹೇಳುವವರು. ಆರಿದ್ರಾ ಮಳೆ ಹೊಡೆಯುವಾಗ ಆ ಆರಿದ್ರಾ ನಕ್ಷತ್ರ ಎಲ್ಲಿರುತ್ತದೆ? ಒಮ್ಮೆಯೂ ಕಂಡಿಲ್ಲ.

ಮಳೆಗಾಲದಲ್ಲಿ ಶಿರಸಿಯಲ್ಲಿ ಸೂರ್ಯನೇ ಕಾಣೋದಿಲ್ಲ, ನಕ್ಷತ್ರ ಎಲ್ಲಿಂದ ಕಾಣಬೇಕು ಅಂತ ಬರೆದು ಮುಗಿಸಬಹುದಿತ್ತು. ಆದರೆ ಮೋಡ ಇಲ್ಲದಿದ್ದರೂ ಕಾಣೋದಿಲ್ಲ ಮಾರಾಯ್ರೇ.

ಸೂರ್ಯ ವರ್ಷಕ್ಕೆ 27 ನಕ್ಷತ್ರ ಸುತ್ತುತ್ತಾನೆ, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಜೂನ್ 21-22ರ ಹೊತ್ತಿಗೆ ಆರಿದ್ರಾಕ್ಕೆ ಬರುತ್ತಾನೆ. ಅಂದರೆ ಆರಿದ್ರಾ ಮಳೆ ಅನ್ನುವುದೇ ಸೂರ್ಯ ಆ ನಕ್ಷತ್ರದ ಕಡೆ ಇದ್ದಾನೆ ಅಂತ. ಅದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ಹಗಲಿಡೀ ನಿಮ್ಮ ತಲೆ ಮೇಲೇ ಇದ್ದರೂ ಕಾಣದು. ಎಲ್ಲ ಮಳೆ ನಕ್ಷತ್ರಗಳ ಹಣೆಬರಹವೂ ಇಷ್ಟೇ. ಕೊನೆಗೌಡ (ಅಡಿಕೆ ಮರ ಹತ್ತುವವ) ಮದ್ದು ಹೊಡೆಯಲು ಬಂದನಾ ಇಲ್ಲವಾ, ಕೊಟ್ಟೆ (ಅಡಿಕೆ ಗೊನೆಗೆ ಮಳೆಯ ಹೊದಿಕೆ) ಕಟ್ಟಿ ಆಯಿತಾ ಅಂತ ನೀವು ಯಾವ ನಕ್ಷತ್ರದ ಲೆಕ್ಕದಲ್ಲಿ ದಿನ ಎಣಿಸುತ್ತೀರೋ, ಆ ನಕ್ಷತ್ರ ಆಗ ರಜೆಯಲ್ಲಿರುತ್ತದೆ.

ಆರಿದ್ರಾ ನೋಡಬೇಕಾದರೆ ಜನವರಿಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಅಂಗಳಕ್ಕೆ ಬನ್ನಿ, ಅಡಿಕೆ ಒಣಗಿಸಿದ ಅಟ್ಟ ಇದ್ದರೆ ಅದೇ ಒಳ್ಳೆಯದು. ಮೂರು ನಕ್ಷತ್ರ ಸಾಲಾಗಿ ನಿಂತ ಬೇಟೆಗಾರನ (ಒರಾಯನ್ ಅನ್ನುವ ನಕ್ಷತ್ರಪುಂಜ) ನಡುಪಟ್ಟಿ ಎಲ್ಲರಿಗೂ ಗೊತ್ತು. ಅವನ ಒಂದು ಹೆಗಲಲ್ಲಿ ಕೆಂಡದ ಹಾಗೆ ಕೆಂಪಗಿರುವುದೇ ಆರಿದ್ರಾ. ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತದೆ. 2020ರ ಶುರುವಿನಲ್ಲಿ ಅದು ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು, ನಂತರ ಸರಿಹೋಯಿತು.

ತಾರಾಲಯ ಇಲ್ಲಿ ಒಂದು ಕೆಲಸ ಮಾಡಬಲ್ಲದು. ಜೂನ್ ಕೊನೆಯ ನಡು ಮಧ್ಯಾಹ್ನವನ್ನು ಹಾಕಿ, ಹಗಲ ಬೆಳಕನ್ನು ಮಾತ್ರ ಆರಿಸಿಬಿಡಬಹುದು. ಕರಿ ಆಕಾಶ, ಅದರಲ್ಲಿ ಸೂರ್ಯ, ಪಕ್ಕದಲ್ಲೇ ಆರಿದ್ರಾ. ರೋಹಿಣಿಯಿಂದ ಸ್ವಾತಿಯವರೆಗೆ ಸೂರ್ಯ ಒಂದೊಂದೇ ಮನೆ ದಾಟುವುದನ್ನು ಹತ್ತು ನಿಮಿಷದಲ್ಲಿ ತೋರಿಸಿದರೆ, ರಾಕೆಟ್ ಸಿನಿಮಾಕ್ಕೆ ಬಾರದ ನಮ್ಮ ರೈತರು ಅದಕ್ಕೆ ಬಸ್ಸು ಮಾಡಿಕೊಂಡು ಬರುತ್ತಾರೆ.

ಭಟ್ಕಳದಿಂದ: ಐದೇ ನಿಮಿಷ ತಡವಾಯ್ತು, ಒಳಗೇ ಬಿಡಲಿಲ್ಲ. ಇದು ಯಾವ ದೊಡ್ಡಸ್ತಿಕೆ?

ದೊಡ್ಡಸ್ತಿಕೆ ಅಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ನಿಮಗಾಗಿ ಬಾಗಿಲು ತೆರೆದರೆ ಒಳಗೆ ಕೂತವರ ಕಣ್ಣು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮೊಬೈಲ್ ತೆಗೆದವರ ಮೇಲೆ ರೇಗುವುದೂ ಇದಕ್ಕೇ. ಅರ್ಧ ತಾಸು ಮೊದಲೇ ಹೋಗಿ.

ಕುಮಟಾದಿಂದ ಒಬ್ಬ ತಂದೆ: ವಾರ್ಷಿಕೋತ್ಸವದ ದಿನವೇ ಹೋಗಬೇಕಾ? ಯಾವ ಕಾರ್ಯಕ್ರಮ ನೋಡಬೇಕು?

ನಿಜ ಹೇಳಲಾ? ಆ ದಿನವೇ ಬೇಡ. ಒಂದು ಊರಲ್ಲಿ, ಯಾವುದು ಅಂತ ಹೇಳೋದಿಲ್ಲ, ಪುಕ್ಕಟೆ ಪ್ರದರ್ಶನ ಅಂತ ನಲವತ್ತು ಮಕ್ಕಳನ್ನು ಕರ್ಕೊಂಡು ಹೋಗಿ ಎರಡು ತಾಸು ಬಿಸಿಲಲ್ಲಿ ನಿಂತಿದ್ದೆ. ಒಳಗೆ ಹೋದರೆ ಅವತ್ತಿನದ್ದು ಕನ್ನಡದಲ್ಲಿರಲಿಲ್ಲ. ಮಕ್ಕಳು ತಂಪಾಗಿ ನಿದ್ದೆ ಹೊಡೆದರು. ಹಾಗಾಗಿ ಆ ವಾರದ ಬೇರೆ ದಿನ ನೋಡಿ. ಭಾಷೆ, ಹೊತ್ತು, ರಜೆ ಮೂರನ್ನೂ ಫೋನ್ ಮಾಡಿ ಕೇಳಿ. ಸೋಮವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ.

ನಮ್ಮ ಕರಾವಳಿಯವರಿಗೆ ಪಿಲಿಕುಳವೇ ಹತ್ತಿರ. ಅಲ್ಲಿ ಗುಮ್ಮಟ 18 ಮೀಟರ್ ಅಗಲ, ತ್ರೀಡಿ ಕನ್ನಡಕವೂ ಉಂಟು. ಮಗು ಶನಿಯ ಬಳೆ ಹಿಡಿಯಲು ಕೈ ಚಾಚುತ್ತದೆ, ಅದು ಮಜವೇ. ಆದರೆ ನನ್ನನ್ನು ಕೇಳಿದರೆ, ಒಬ್ಬರು ಮೈಕ್ ಹಿಡಿದು "ಇವತ್ತು ರಾತ್ರಿ ನಿಮ್ಮೂರಲ್ಲಿ ಏನು ಕಾಣುತ್ತದೆ" ಅಂತ ತೋರಿಸುವ ಕಾರ್ಯಕ್ರಮ ಯಾವುದಿದೆಯೋ ಅದಕ್ಕೇ ಟಿಕೆಟ್ ತಗೊಳ್ಳಿ. ಅವರು ಪ್ರಶ್ನೆಗೂ ಉತ್ತರ ಕೊಡ್ತಾರೆ, ಸಿನಿಮಾ ಕೊಡೋದಿಲ್ಲ. ತಲೆ ತಿರುಗುವವರು ಹಿಂದಿನ ಸಾಲಲ್ಲಿ ಕೂತು, ಆಕಾಶ ಗಿರಗಿರ ತಿರುಗುವಾಗ ಕಣ್ಣು ಮುಚ್ಚಿದರೆ ಸಾಕು.

ಕಾರವಾರದ ಕಿರಿಯ ಅಕ್ಕೋರು: ನಮ್ಮ ಶಾಲೆಯ ಮಕ್ಕಳನ್ನು ಅಷ್ಟು ದೂರ ಒಯ್ಯಲಿಕ್ಕೆ ದುಡ್ಡಿಲ್ಲ. ಇಲ್ಲೇ ಏನಾದರೂ ಮಾಡಬಹುದಾ?

ಮಾಡಬಹುದು, ಅದೂ ತಾರೀಖು ಚೆನ್ನಾಗಿ ಕೂಡಿ ಬಂದಿದೆ. ಏಪ್ರಿಲ್ 30ರ ಆಸುಪಾಸು ಕಾರವಾರದಲ್ಲಿ ಸೂರ್ಯ ನೇರ ನೆತ್ತಿ ಮೇಲೆ ಬರುತ್ತಾನೆ, ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರೋದಿಲ್ಲ. ಇದಕ್ಕೆ ಶೂನ್ಯ ನೆರಳಿನ ದಿನ ಅಂತಾರೆ. ಭಟ್ಕಳದಲ್ಲಿ ಎರಡು ಮೂರು ದಿನ ಮೊದಲು, ಬೆಂಗಳೂರಿನಲ್ಲಿ 24-25ಕ್ಕೇ ಆಗಿರುತ್ತದೆ. ಒಂದು ದಿನ ಹಿಂದೆ ಮುಂದೆ ಆದರೂ ಒಂದು ಮೀಟರ್ ಕೋಲಿನ ನೆರಳು ಅರ್ಧ ಸೆಂಟಿಮೀಟರ್ ಅಷ್ಟೇ, ತಲೆ ಕೆಡಿಸ್ಕೋಬೇಡಿ. ಆಗಸ್ಟ್ 13ರ ಹೊತ್ತಿಗೆ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಕಾರವಾರದಲ್ಲಿ ಕೊಡೆಯ ನೆರಳೂ ಇರೋದಿಲ್ಲ. ಮ್ಯೂನಿಕ್ಕಿನ ಹುಟ್ಟುಹಬ್ಬ ಮೇ 7. ಏಪ್ರಿಲ್ 30ಕ್ಕೆ ಶುರು ಮಾಡಿ ಮೇ 7ಕ್ಕೆ ಮುಗಿಸಿದರೆ ವಾರ ಆಯ್ತು.

ಹಗಲು ಕೋಲು. ರಾತ್ರಿ ಕಡಲ ದಂಡೆ, ದೀಪ ಕಡಿಮೆ ಇರುವ ಕಡೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಉತ್ತರದ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ ನಕ್ಷತ್ರ, ಯಾಕೆಂದರೆ ಕಾರವಾರ ಇರುವುದೇ ಹದಿನೈದು ಡಿಗ್ರಿ ಅಕ್ಷಾಂಶದ ಹತ್ತಿರ. ಮಕ್ಕಳು ತಮ್ಮೂರನ್ನು ಮುಷ್ಟಿಯಲ್ಲಿ ಅಳೆದ ಹಾಗಾಯ್ತು. ಹತ್ತು ಗಂಟೆಗೆ ತೆಂಕಣ ದಿಕ್ಕಿಗೆ ತಿರುಗಿಸಿ, ಒಂದು ಮುಷ್ಟಿಗಿಂತ ತುಸು ಮೇಲೆ ತ್ರಿಶಂಕು, ನಾಲ್ಕು ನಕ್ಷತ್ರದ ಗಾಳಿಪಟ. ಮ್ಯೂನಿಕ್ಕಿನವರಿಗೆ ಅದನ್ನು ನೋಡಲು ಗುಮ್ಮಟವೇ ಬೇಕು, ಅಲ್ಲಿನ ನಿಜ ಆಕಾಶದಲ್ಲಿ ಅದು ಹುಟ್ಟುವುದೇ ಇಲ್ಲ.

ರಜೆಯಲ್ಲಿ ಮಕ್ಕಳು ಬರೋದಿಲ್ಲ ಅನ್ನಬೇಡಿ, ಮುರುಗಲ ಪಾನಕ ಇದೆ ಅಂತ ಹೇಳಿ ಕಳಿಸಿ. ಕೋಲು ನೆಟ್ಟಗಿದೆಯಾ ಅಂತ ನೋಡಲು ಗೌಂಡಿಯವರ ತೂಗುಗುಂಡು ಇಸ್ಕೊಳ್ಳಿ. ಬರಿಗಾಲಲ್ಲಿ ಮಾತ್ರ ನಿಲ್ಲಿಸಬೇಡಿ, ಆ ಹೊತ್ತಿಗೆ ಮರಳು ಸುಡುತ್ತದೆ.