ಲಂಡನ್‌ಗೆ ಹೋಗಿ ಬಂದರೂ 90 ದಿನದ ಲೆಕ್ಕ ಬದಲಾಗುವುದಿಲ್ಲ

ಅಮ್ಮ ಮಾರ್ಚ್ 1ಕ್ಕೆ ಮ್ಯೂನಿಕ್‌ಗೆ ಬಂದಿದ್ದಾರೆ, ವೀಸಾ ಒಂದು ವರ್ಷದ್ದು, 90 ದಿನ ಆದ ಮೇಲೆ ಒಂದು ವಾರ ಲಂಡನ್‌ಗೆ ಹೋಗಿ ವಾಪಸ್ ಬರಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ ಸರ್.

ಒಂದು ವರ್ಷ ಅಂದರೆ ಆ ಅವಧಿಯಲ್ಲಿ ಬಂದು ಹೋಗಬಹುದು ಅಂತ ಅಷ್ಟೇ. ಎಷ್ಟು ದಿನ ಇರಬಹುದು ಅನ್ನುವುದು ಪಾಸ್‌ಪೋರ್ಟ್‌ಗೆ ಅಂಟಿಸಿದ ವೀಸಾ ಸ್ಟಿಕರ್‌ನಲ್ಲೇ ಬೇರೆ ಕಡೆ ಇರುತ್ತದೆ, ಒಮ್ಮೆ ನೋಡಿ. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಜರ್ಮನಿಯೂ ಇದರಲ್ಲಿದೆ) ನಿಯಮದ ಪ್ರಕಾರ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಈ 180 ದಿನ ಒಂದೇ ಕಡೆ ನಿಲ್ಲುವುದಿಲ್ಲ, ದಿನಾ ಮುಂದೆ ಸರಿಯುತ್ತಾ ಹೋಗುತ್ತದೆ. ಅಂದರೆ ಯಾವ ದಿನ ನೋಡಿದರೂ ಆ ದಿನವೂ ಸೇರಿ ಹಿಂದಿನ 180 ದಿನದ ಲೆಕ್ಕ, ಒಂದು ವಾರ ಹೊರಗಿದ್ದು ಬಂದರೂ ಹಳೆಯ 90 ದಿನ ಅದರಲ್ಲೇ ಇರುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಅಮ್ಮ ನಡುವೆ ಎಲ್ಲೂ ಹೊರಗೆ ಹೋಗಿಲ್ಲ ಅಂದರೆ ಮೇ 29 ಅವರ 90ನೇ ದಿನ. ಮತ್ತೆ ಪೂರ್ತಿ 90 ದಿನ ಇರಬೇಕೆಂದರೆ ಆಗಸ್ಟ್ 28ಕ್ಕೆ ಅಥವಾ ಆಮೇಲೆ ಬರಲಿ, ವೀಸಾ ಇನ್ನೂ ಚಾಲ್ತಿಯಲ್ಲಿರಬೇಕು. ಕ್ರೊಯೇಷಿಯಾಗೆ ಹೋಗಿ ಬರೋಣ ಅಂತಲೂ ಯೋಚಿಸಬೇಡಿ, 2023ರಿಂದ ಅದೂ ಷೆಂಗೆನ್ ಒಳಗೇ ಇದೆ. ಲಂಡನ್‌ಗಂತೂ ಬೇರೆಯದೇ ವೀಸಾ ಬೇಕು, ಸುಮ್ನೆ ಖರ್ಚು ಜಾಸ್ತಿ.

ಮೊಮ್ಮಗುವನ್ನು ನೋಡಿಕೊಳ್ಳಬೇಕು ಅನ್ನುವ ಕಾರಣಕ್ಕೆ ಅವಧಿ ವಿಸ್ತರಿಸಿಕೊಡುವುದು ಕಷ್ಟ. ಆಸ್ಪತ್ರೆಗೆ ಸೇರಿ ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇಲ್ಲ ಅನ್ನುವಂಥ ಗಟ್ಟಿ ಕಾರಣ ಬೇಕು. ಅಂಥದ್ದು ಬಂದರೆ ಗಡುವು ಮುಗಿಯುವ ಮೊದಲೇ ನಿಮ್ಮ ಊರಿನ ವಿದೇಶಿಯರ ಕಚೇರಿಗೆ ಡಾಕ್ಟರ್ ಪತ್ರದ ಜೊತೆ ಅರ್ಜಿ ಕೊಡಿ.