ಚಿನ್ನ ಸಿಕ್ಕಿದ್ದು ಒಂಬತ್ತು ದಿನ ಮೊದಲು

ಶಿರಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಚರಿತ್ರೆ ಹೇಳಿಕೊಡುತ್ತಿದ್ದೆ. ಅಮೆರಿಕದವರು ಪಶ್ಚಿಮಕ್ಕೆ ದೇಶ ಹಿಗ್ಗಿಸಿಕೊಂಡದ್ದು, ಅದು ತಮಗೆ ದೇವರೇ ಬರೆದಿಟ್ಟ ಹಣೆಬರಹ ಎಂಬ ನಂಬಿಕೆಯಿಂದ ಅಂತ ಅವಳ ಪುಸ್ತಕದಲ್ಲಿದೆ. ನಾನು ಕೇಳಿದ್ದು ಕ್ಯಾಲಿಫೋರ್ನಿಯಾದ ಚಿನ್ನಕ್ಕಾಗಿ ಅಂತ. ಮನೆಯಲ್ಲಿ ಜಗಳ ನಿಂತಿಲ್ಲ. ನೀವೇ ತೀರ್ಪು ಕೊಡಿ."

ತೀರ್ಪು ಕೊಟ್ಟರೆ ಅಪ್ಪ ಮಗಳು ಇಬ್ಬರೂ ಸೋಲುತ್ತೀರಿ. ಪರವಾಗಿಲ್ಲ ಅಲ್ವಾ?

ಮೊದಲು ನಿಮ್ಮ ಚಿನ್ನ. ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಸಟರ್ ಸಾಹೇಬರ ಮರದ ಮಿಲ್ಲಿನ ಕಾಲುವೆಯಲ್ಲಿ ಹಳದಿ ಚೂರುಗಳು ಕಂಡದ್ದು 1848ರ ಜನವರಿ 24ರಂದು. ಮೆಕ್ಸಿಕೋ ಕ್ಯಾಲಿಫೋರ್ನಿಯಾವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಫೆಬ್ರವರಿ 2ರಂದು. ನಡುವೆ ಒಂಬತ್ತೇ ದಿನ. ತಂತಿಯಿಲ್ಲ, ರೈಲಿಲ್ಲ. ಸಹಿ ಹಾಕಿದವರಲ್ಲಿ ಯಾರಿಗೂ ಸುದ್ದಿ ಗೊತ್ತಿರಲಿಲ್ಲ. ಮೆಕ್ಸಿಕೋ ಜೊತೆಗಿನ ಯುದ್ಧ ಶುರುವಾಗಿ ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ಅಧ್ಯಕ್ಷ ಪೋಕ್ ಅದಕ್ಕೂ ಮೊದಲೇ, 1845ರಲ್ಲಿ, ಆ ನೆಲವನ್ನು ದುಡ್ಡು ಕೊಟ್ಟು ಕೊಳ್ಳಲು ದೂತನನ್ನು ಕಳಿಸಿದ್ದರು. ಅವರ ಕಣ್ಣಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ಬಂದರಿನ ಮೇಲೆ, ಅಲ್ಲಿಂದ ಚೀನಾದ ಜೊತೆ ಮಾಡಬಹುದಾದ ವ್ಯಾಪಾರದ ಮೇಲೆ. ಚಿನ್ನ ಮೇಲೆ ಸಿಕ್ಕ ಕೊಸರು.

ಇನ್ನು ಮಗಳ ಹಣೆಬರಹ. ಆ ಮಾತು ಅಚ್ಚಾದದ್ದು 1845ರಲ್ಲಿ, ಟೆಕ್ಸಾಸನ್ನು ಸೇರಿಸಿಕೊಳ್ಳಬೇಕು ಎಂದು ವಾದಿಸುವ ಲೇಖನದಲ್ಲಿ. ಅದನ್ನು ಹುಟ್ಟಿಸಿದವರು ಎಂದು ಹೆಸರಾದ ಜಾನ್ ಒ'ಸಲಿವನ್ ನಮ್ಮ ಕಸುಬಿನವರೇ, ಪತ್ರಿಕೆಯ ಸಂಪಾದಕರು. ಆಗಿಹೋದ ಕೆಲಸಕ್ಕೆ ಒಂದು ಚೆಂದದ ಹೆಸರಿಡುವುದು ನಮ್ಮವರಿಗೆಲ್ಲ ಇರುವ ಚಟ. ಅಷ್ಟು ಹೊತ್ತಿಗೆ ಅರ್ಧ ಖಂಡ ಕೈಸೇರಿತ್ತು. ನಂಬಿದವರು ಇರಲಿಲ್ಲ ಅಂತಲ್ಲ, ಇದ್ದರು. ಆದರೆ ಗಾಡಿ ಕಟ್ಟಿದವರೆಲ್ಲ ದೇವರನ್ನು ಕೇಳಿ ಕಟ್ಟಿದವರಲ್ಲ.

ಹಾಗಾದರೆ ಏನಿತ್ತು? 1800ರ ಸುಮಾರಿಗೆ ಕೆಂಟಕಿಯಲ್ಲೋ ಒಹಾಯೋ ದಂಡೆಯಲ್ಲೋ ಇದ್ದ ಒಬ್ಬ ರೈತನನ್ನು ನೋಡಿ. ಮನೆಯಲ್ಲಿ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಹೊಗೆಸೊಪ್ಪು ರಾಶಿ ಬಿದ್ದಿದೆ. ಪೂರ್ವದ ಪೇಟೆಗೆ ಹೋಗಬೇಕೆಂದರೆ ಅಡ್ಡ ಬೆಟ್ಟಸಾಲು, ಬಂಡಿ ಬಾಡಿಗೆಯಲ್ಲೇ ಮಾಲಿನ ಬೆಲೆ ಮುಗಿದುಹೋಗುತ್ತದೆ. ಅವನು ಹಲಗೆ ಜೋಡಿಸಿ ಚಪ್ಪಟೆ ದೋಣಿ ಕಟ್ಟುತ್ತಾನೆ, ಮಿಸಿಸಿಪ್ಪಿ ನದಿಯಲ್ಲಿ ತೇಲಿಕೊಂಡು ನ್ಯೂ ಆರ್ಲಿಯನ್ಸಿಗೆ ಹೋಗುತ್ತಾನೆ. ಮಾಲು ಮಾರಿ, ಹೊಳೆಗೆ ಎದುರಾಗಿ ದೋಣಿ ಬರುವುದಿಲ್ಲವಲ್ಲ, ಅದನ್ನೂ ಒಡೆದು ಹಲಗೆ ಲೆಕ್ಕದಲ್ಲಿ ಮಾರಿ, ನೂರಾರು ಮೈಲಿ ನಡೆದು ಮನೆಗೆ ಬರುತ್ತಾನೆ. 1802ರಲ್ಲಿ ಅಲ್ಲಿನ ಸ್ಪೇನ್ ಅಧಿಕಾರಿ, ಇಲ್ಲಿ ನಿಮ್ಮ ಮಾಲು ಇಡುವ ಹಾಗಿಲ್ಲ ಎಂದುಬಿಟ್ಟ. ಗಂಟಲು ಹಿಚುಕಿದ ಹಾಗಾಯಿತು. ಅಧ್ಯಕ್ಷ ಜೆಫರ್ಸನ್ ಆ ಬಂದರನ್ನಷ್ಟೇ ಕೊಳ್ಳಲು ಜನ ಕಳಿಸಿದರು. ಅಷ್ಟರಲ್ಲಿ ಆ ಪ್ರದೇಶ ಸ್ಪೇನ್ ಕೈಯಿಂದ ಫ್ರಾನ್ಸಿಗೆ ದಾಟಿತ್ತು. ಹೈಟಿಯಲ್ಲಿ ದಂಗೆಯೆದ್ದ ಗುಲಾಮರ ಕೈಲೂ ಹಳದಿ ಜ್ವರದ ಕೈಲೂ ದಂಡು ಕಳೆದುಕೊಂಡಿದ್ದ ನೆಪೋಲಿಯನ್, ಪೂರ್ತಿ ತಗೊಳ್ಳಿ ಎಂದ. 1803ರಲ್ಲಿ ಒಂದೂವರೆ ಕೋಟಿ ಡಾಲರಿಗೆ ಸುಮಾರು ಹನ್ನೊಂದು ಕರ್ನಾಟಕದಷ್ಟು ನೆಲ! ಬಾಗಿಲು ಕೇಳಿದವನಿಗೆ ಊರೇ ಸಿಕ್ಕಿತು.

ಇದರ ಅಡಿಯಲ್ಲಿ ಇನ್ನೊಂದು ಹಸಿವಿತ್ತು, ನೆಲದ್ದು. ಶಿರಸಿಯಲ್ಲಿ ಎರಡೆಕರೆ ತೋಟಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದನ್ನು ನೋಡಿರುವ ನಿಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಸ್ವಾತಂತ್ರ್ಯ ಯುದ್ಧದ ಸಾಲ ಹೊತ್ತಿದ್ದ ಸರ್ಕಾರಕ್ಕೆ ಮಾರಲು ಇದ್ದದ್ದು ಭೂಮಿಯೊಂದೇ. 1785ರಲ್ಲಿ ಕಾನೂನು ಮಾಡಿ 66 ಅಡಿಯ ಸರಪಳಿ ಎಳೆಸಿ, 640 ಎಕರೆಗೊಂದು ಚೌಕ ಹಾಕುತ್ತ ಹೋಯಿತು. (ನಮ್ಮ ಗುಂಟೆಗೆ 33 ಅಡಿ ಉದ್ದಗಲ, ಆ ಸರಪಳಿಯ ಸರಿಯಾಗಿ ಅರ್ಧ. ಎರಡೂ ಇಂಗ್ಲಿಷರ ಅಳತೆಯೇ.) ಜನ ಸರಪಳಿಗೂ ಕಾಯಲಿಲ್ಲ. ಕಾಡು ಕಡಿದು ಉತ್ತು ಕೂತರು. ನಮ್ಮಲ್ಲಿ ಬಗರ್ ಹುಕುಂ ಅಂತೀವಲ್ಲ, ಅದೇ. 1841ರಲ್ಲಿ ಕಾನೂನೇ ಬಗ್ಗಿತು: ಹಾಗೆ ಕೂತವರು ಹರಾಜಿಗೆ ಮೊದಲೇ 160 ಎಕರೆವರೆಗೆ, ಎಕರೆಗೆ ಒಂದೂಕಾಲು ಡಾಲರಿನಂತೆ ಕೊಳ್ಳಬಹುದು. 1862ರಲ್ಲಿ ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದರೆ, ಅರ್ಜಿ ಶುಲ್ಕ ಬಿಟ್ಟರೆ, ಪುಕ್ಕಟೆ.

ದಕ್ಷಿಣದ ಕಥೆ ಬೇರೆ. ಹತ್ತಿ ನೆಲದ ಸಾರ ಹೀರುತ್ತದೆ, ಜಮೀನ್ದಾರನಿಗೆ ಹೊಸ ನೆಲ ಬೇಕು, ಗುಲಾಮರನ್ನು ಅಲ್ಲಿಗೂ ಕರೆದೊಯ್ಯಬೇಕು. ಮೆಕ್ಸಿಕೋ 1829ರಲ್ಲಿ ಗುಲಾಮಗಿರಿ ನಿಲ್ಲಿಸಿದ್ದು ಆಗ ಅದರದ್ದೇ ಆಗಿದ್ದ ಟೆಕ್ಸಾಸಿಗೆ ವಲಸೆ ಹೋಗಿದ್ದ ಅಮೆರಿಕದವರಿಗೆ ಸಿಟ್ಟು ಬರಿಸಿದ ಕಾರಣಗಳಲ್ಲಿ ಒಂದು.

ಆ ನೆಲ ಸುಮ್ನೆ ಖಾಲಿ ಬಿದ್ದಿತ್ತೇ? ನಿಮ್ಮ ಪತ್ರದಲ್ಲೂ ಮಗಳ ಪುಸ್ತಕದ ಸಾಲಿನಲ್ಲೂ ಇಲ್ಲದ ಜನ ಇವರು. ಜಾರ್ಜಿಯಾ ಸುತ್ತಿನ ಚೆರೋಕಿ ಎಂಬ ಮೂಲನಿವಾಸಿಗಳಲ್ಲಿ ಸಿಕ್ವೋಯಾ ಎಂಬಾತ ತನ್ನ ಭಾಷೆಗೆ ತಾನೇ ಲಿಪಿ ಮಾಡಿದ್ದ, ನಮ್ಮ ಕಾಗುಣಿತದ ಹಾಗೆ ಕ, ಕಿ, ಕು ಒಂದೊಂದಕ್ಕೂ ಬೇರೆ ಬೇರೆ ಗುರುತು. ಆ ಲಿಪಿಯಲ್ಲಿ ಅವರು 1828ರಲ್ಲಿ ಪತ್ರಿಕೆಯನ್ನೇ ಹೊರಡಿಸಿದರು, ನಮ್ಮ ಮಂಗಳೂರ ಸಮಾಚಾರಕ್ಕಿಂತ 15 ವರ್ಷ ಮೊದಲು. ಮರುವರ್ಷ ಅದೇ ಸೀಮೆಯಲ್ಲಿ ಚಿನ್ನ ಸಿಕ್ಕಿತು. ನಿಮ್ಮ ಚಿನ್ನದ ವಾದ ಇಲ್ಲಿ ನಿಜ, ನೋಡಿ. ಜಾರ್ಜಿಯಾ ಸರ್ಕಾರ ಅವರ ಹೊಲಮನೆಗಳನ್ನು ಬಿಳಿಯರಿಗೆ ಲಾಟರಿ ಎತ್ತಿ ಹಂಚಿತು. 1835ರಲ್ಲಿ ಅದರ ಕಾವಲು ಪಡೆ ಅಚ್ಚಿನ ಯಂತ್ರವನ್ನೂ ಹೊತ್ತೊಯ್ದಿತು. 1838ರಲ್ಲಿ ಸೈನ್ಯ ಬಂದು ಜನರನ್ನೇ ಎಬ್ಬಿಸಿತು. ಸುಮಾರು 16 ಸಾವಿರ ಜನರಲ್ಲಿ 4 ಸಾವಿರದಷ್ಟು ಮಂದಿ ಸತ್ತರು ಎಂಬ ಲೆಕ್ಕವಿದೆ.

ಉಳಿದವರನ್ನು ಬಿಟ್ಟದ್ದು ಈಗಿನ ಒಕ್ಲಹೋಮಾದಲ್ಲಿ, ಇದು ಇನ್ನು ಎಂದೆಂದಿಗೂ ಮೂಲನಿವಾಸಿಗಳದ್ದು ಎಂಬ ಮಾತು ಕೊಟ್ಟು. 1889ರ ಏಪ್ರಿಲ್ 22ರ ಮಧ್ಯಾಹ್ನ ಹನ್ನೆರಡಕ್ಕೆ ಅದೇ ಸೀಮೆಯ ಒಂದು ಭಾಗದ ಗಡಿಯಲ್ಲಿ ಗುಂಡು ಹಾರಿತು. ಸಾವಿರಾರು ಜನ ಕುದುರೆ, ಗಾಡಿ ಹತ್ತಿ ಗೂಟ ನೆಟ್ಟು ನೆಲ ಹಿಡಿಯಲು ಓಡಿದರು. ಕೆಲವರು ಹಿಂದಿನ ರಾತ್ರಿಯೇ ನುಸುಳಿ ಪೊದೆಯಲ್ಲಿ ಅಡಗಿದ್ದರು. ಅಂಥವರಿಗೆ 'ಸೂನರ್', ಅಂದರೆ ಮುಂಚೆಯೇ ನುಗ್ಗಿದವರು, ಎಂಬ ಹೆಸರು ಬಿತ್ತು. ಈಗ ಆ ರಾಜ್ಯದವರು ತಮ್ಮನ್ನು ಹೆಮ್ಮೆಯಿಂದ ಕರೆದುಕೊಳ್ಳುವುದು ಅದೇ ಹೆಸರಿನಿಂದ.

ಪರೀಕ್ಷೆಯಲ್ಲಿ ಮಗಳು ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಲಿ, ಅಂಕ ಹೋಗುವುದು ಬೇಡ. ಪಕ್ಕದಲ್ಲಿ 1845 ಎಂಬ ಇಸವಿಯನ್ನು ಮಾತ್ರ ಮರೆಯದೆ ಹಾಕಲಿ.