ಆ ‘ರೆ’ಗೆ ಗೆರೆ ಎಳೆಯಿರಿ

ಪ್ರಿಯ ಗೆಳೆಯರೇ,

‘ನಾಲಿಗೆಗೆ ಎಲುಬಿಲ್ಲ’ ಎಂಬ ನಿಮ್ಮ ಲೇಖನ ತಲುಪಿದೆ. ಎರಡು ಸಲ ಓದಿದೆ. ಮೊದಲ ಸಲ ಮಧ್ಯಾಹ್ನ ಕಚೇರಿಯಲ್ಲಿ, ಎರಡನೇ ಸಲ ರಾತ್ರಿ ಮನೆಯಲ್ಲಿ, ಸಿಟ್ಟಿನಿಂದ. ಸಾಮಾನ್ಯವಾಗಿ ನಾವು ‘ಬಳಸಿಕೊಳ್ಳಲು ಆಗುತ್ತಿಲ್ಲ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತೇವೆ. ಸಿಟ್ಟು ಬರಿಸಿದವರಿಗೆ ಮಾತ್ರ ಇಷ್ಟುದ್ದದ ಕಾಗದ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ತಾರೀಕುಗಳು ಸರಿಯಾಗಿವೆ. ಕಾಗುಣಿತ ಶುದ್ಧವಾಗಿದೆ. ಹಕಾರ ಅಕಾರ ಎಲ್ಲೂ ಜಗಳವಾಡಿಲ್ಲ. ಕತ್ರಿಗುಪ್ಪೆಯಲ್ಲಿ ಕೂತು, ಕೆಲಸ ಮುಗಿಸಿ ಬಂದ ಮೇಲೆ ಹನ್ನೊಂದು ಪುಟ ಬರೆದಿದ್ದೀರಿ. ಅದು ಸಣ್ಣ ಮಾತಲ್ಲ. ಹೊಗಳಿಕೆ ಮುಗೀತು.

ಎದುರು ಪಕ್ಷದವರು ಕೆಟ್ಟ ಮಾತಾಡಿದರೆ ಪಕ್ಷಗಳು ಬೀದಿಗಿಳಿಯುತ್ತವೆ, ತಮ್ಮವರು ಆಡಿದರೆ ‘ಅದು ಅವರ ವೈಯಕ್ತಿಕ ಹೇಳಿಕೆ’ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಇದು ನಿಮ್ಮ ವಾದ. ಒಪ್ಪಿದೆ. ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಹಿಡಿದು ನಿಂತವರೂ ಇದನ್ನೇ ಹೇಳುತ್ತಾರೆ. ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂಬ ಗಾದೆಯಿಂದ ಶುರು ಮಾಡಿದ್ದೀರಿ. ಈ ತಿಂಗಳು ಅದೇ ಗಾದೆಯಿಂದ ಶುರುವಾದ ಮೂರನೇ ಲೇಖನ ನಿಮ್ಮದು. ಅದನ್ನೂ ಮಾಫಿ ಮಾಡಿದ್ದೇನೆ.

ನನಗೆ ತಡೆಯಲಾಗದ್ದು ಎರಡನೇ ಪುಟ. ನಿಮ್ಮ ಸಾಲುಗಳನ್ನೇ ಕೆಳಗೆ ಇಳಿಸಿದ್ದೇನೆ.

‘ಬೆಳಗಾವಿ ಅಧಿವೇಶನದಲ್ಲಿ ಹಿರಿಯ ಶಾಸಕರೊಬ್ಬರು ಬಾಯಿತಪ್ಪಿ ಆಡಿದ ಮಾತೊಂದು ವಿವಾದಕ್ಕೆ ತಿರುಗಿತು. ಅವರು ಮನಃಪೂರ್ವಕ ಕ್ಷಮೆ ಕೇಳಿ ದೊಡ್ಡತನ ಮೆರೆದರು. ಅದೇ ಸುವರ್ಣ ವಿಧಾನಸೌಧದಲ್ಲಿ ಮೂರು ವರ್ಷದ ನಂತರ ಸಿ.ಟಿ. ರವಿ ನಾಲಿಗೆ ಹರಿಬಿಟ್ಟರು.’

ಪಕ್ಷಗಳ ತಕ್ಕಡಿ ಸರಿಯಿಲ್ಲ ಅಂತ ಬರೆಯಲು ಹೊರಟವರು ನೀವು. ನಿಮ್ಮ ತಕ್ಕಡಿ ನೋಡೋಣ.

‘ಹಿರಿಯ ಶಾಸಕರೊಬ್ಬರು.’ ಒಬ್ಬರಿಗೆ ಹೆಸರಿಲ್ಲ, ಇನ್ನೊಬ್ಬರಿಗೆ ಇನಿಷಿಯಲ್ ಸಮೇತ ಇದೆ. ಯಾಕೆ? ಅವರು ಕೆ.ಆರ್. ರಮೇಶ್ ಕುಮಾರ್. ಕಾಂಗ್ರೆಸ್ಸಿನವರು, ಸ್ಪೀಕರ್ ಆಗಿದ್ದವರು. ಇಡೀ ರಾಜ್ಯ ವಿಡಿಯೊ ನೋಡಿದೆ. ಮುಚ್ಚಿಡುವುದು ಯಾರಿಗಾಗಿ?

‘ಬಾಯಿತಪ್ಪಿ.’ ಇದು ನನ್ನ ನಿದ್ದೆ ಕೆಡಿಸಿದ ಪದ. 2021ರ ಡಿಸೆಂಬರ್ 16. ಶಾಸಕರೆಲ್ಲ ಮಾತಾಡಲು ಸಮಯ ಕೊಡಿ ಎಂದು ಪೀಡಿಸುತ್ತಿದ್ದರು. ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಬೇಸತ್ತು, ಇನ್ನು ಈ ಪರಿಸ್ಥಿತಿಯನ್ನು ಎಂಜಾಯ್ ಮಾಡಬೇಕಷ್ಟೇ ಅನ್ನುವ ಅರ್ಥದಲ್ಲಿ ಏನೋ ಅಂದರು. ಆಗ ರಮೇಶ್ ಕುಮಾರ್ ಎದ್ದು ಒಂದು ಮಾತಿದೆ ಎಂದು ಪೀಠಿಕೆ ಹಾಕಿ, ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಆನಂದಿಸಬೇಕು ಎಂಬ ಆ ಹಳಸಲು ಜೋಕು ಹೇಳಿದರು. ನಿಮ್ಮ ಸ್ಥಿತಿಯೂ ಹಾಗೇ ಆಗಿದೆ ಅಂತ ಸೇರಿಸಿದರು. ಪೀಠದಲ್ಲಿದ್ದವರು ನಕ್ಕರು. ಪೀಠಿಕೆ ಹಾಕಿ ಹೇಳಿದ್ದು ಬಾಯಿತಪ್ಪಿದ್ದು ಹೇಗಾಗುತ್ತದೆ? ಅದೂ ಅಲ್ಲದೆ, 2019ರ ಫೆಬ್ರುವರಿಯಲ್ಲಿ ಇವರೇ ಸ್ಪೀಕರ್ ಪೀಠದಲ್ಲಿ ಕೂತು ತಮ್ಮನ್ನು ಅತ್ಯಾಚಾರಕ್ಕೆ ಒಳಗಾದವರಿಗೆ ಹೋಲಿಸಿಕೊಂಡಿದ್ದರು. ಬಾಯಿ ಒಂದು ಸಲ ತಪ್ಪಬಹುದು, ಅಲ್ವಾ?

ಇನ್ನೊಂದು. ನಕ್ಕವರು ಬಿಜೆಪಿಯವರು. ಅದು ನಿಮ್ಮ ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ. ಆಡಿದವರು ಒಂದು ಪಕ್ಷ, ನಕ್ಕವರು ಇನ್ನೊಂದು ಪಕ್ಷ. ಇಂಥ ಸಂಗತಿ ಕೈಗೆ ಸಿಕ್ಕರೆ ಬರೆಯುವವನು ಬಿಡುತ್ತಾನಾ?

‘ನಾಲಿಗೆ ಹರಿಬಿಟ್ಟರು.’ 2024ರ ಡಿಸೆಂಬರ್ 19ರಂದು ವಿಧಾನ ಪರಿಷತ್ತಿನಲ್ಲಿ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅವರಿಗೆ ಅವಾಚ್ಯ ಪದ ಬಳಸಿದರು ಎಂಬುದು ಬಿಜೆಪಿಯ ರವಿಯವರ ಮೇಲಿನ ದೂರು. ಆ ಪದ ಆಡಿಲ್ಲ ಎಂಬುದು ಅವರ ಮಾತು. ಅಂದೇ ಬಂಧನವಾಯಿತು, ಮರುದಿನ ಹೈಕೋರ್ಟ್ ಆದೇಶದಿಂದ ಬಿಡುಗಡೆಯಾಯಿತು. ಹಾಗಾದರೆ ನೀವು ಬರೆಯಬೇಕಾದ್ದು ‘ಆರೋಪ’ ಎಂದು. ನಿಮಗೆ ಅನುಮಾನವೇ ಇಲ್ಲದಿದ್ದರೂ ಸರಿ. ಒಪ್ಪಿಕೊಂಡವರದ್ದು ನಿಮ್ಮಲ್ಲಿ ‘ಬಾಯಿತಪ್ಪು’ ಆಯಿತು, ಒಪ್ಪದವರದ್ದು ತೀರ್ಪು ಬಂದ ಹಾಗೆ ಆಯಿತು. ತಿರುಗಾ ಮುರುಗಾ. ಅಂದಹಾಗೆ ಈ ‘ನಾಲಿಗೆ ಹರಿಬಿಟ್ಟರು’ ಎಂಬುದನ್ನು ಟಿವಿಯವರಿಗೇ ಬಿಟ್ಟುಬಿಡಿ. ಅವರಿಗೆ ದಿನಕ್ಕೆ ನಾಲ್ಕು ಬೇಕಾಗುತ್ತದೆ.

ಈಗ ‘ಮನಃಪೂರ್ವಕ ಕ್ಷಮೆ’. ಇಲ್ಲಿ ನಿಮ್ಮನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳಬೇಕು.

1986ರಲ್ಲಿ ನಾನು ಕಾಟನ್‌ಪೇಟೆಯ ಒಂದು ಸಂಜೆ ಪತ್ರಿಕೆಗೆ ಸೇರಿದೆ. ಕೆಳಗೆ ಪ್ರೆಸ್ಸು, ಮೇಲೆ ನಾವು. ಮೆಟ್ಟಿಲು ಹತ್ತುವಾಗಲೇ ಮಸಿ ವಾಸನೆ. ಮುಖ್ಯ ಉಪಸಂಪಾದಕರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದೆವು. ಶರ್ಟಿನ ಜೇಬಿನಲ್ಲಿ ಕೆಂಪು ಪೆನ್ಸಿಲ್ಲು, ಮೇಜಿನ ಮೇಲೆ ಗೋಂದಿನ ಬಾಟಲಿ. ನಮ್ಮ ತಾಲ್ಲೂಕಿನ ಶಾಸಕರೊಬ್ಬರು ಯಾವುದೋ ಸಮಾರಂಭದಲ್ಲಿ ನರ್ಸುಗಳ ಬಗ್ಗೆ ಹಗುರವಾಗಿ ಮಾತಾಡಿದ್ದರು. ಗಲಾಟೆಯಾಗಿ ಪತ್ರಿಕಾಗೋಷ್ಠಿ ಕರೆದರು. ನನ್ನನ್ನೇ ಕಳಿಸಿದರು. ಒಂದು ವಿಷಯ ಹೇಳಲೇಬೇಕು. ಡಿಗ್ರಿ ಓದುವಾಗ ನನಗೆ ಹಾಸ್ಟೆಲ್ ಸೀಟು ಕೊಡಿಸಿದವರು ಅವರೇ.

ಬಂದು ಬರೆದೆ: ‘ಭಾವಾವೇಶದಲ್ಲಿ ಜಾರಿದ ಮಾತಿಗೆ ಶಾಸಕರು ಮನಃಪೂರ್ವಕ ಕ್ಷಮೆ ಯಾಚಿಸಿದರು.’

ಮೇಷ್ಟ್ರು ಓದಿ ಕೈ ಚಾಚಿದರು. ‘ನೋಟ್‌ಬುಕ್ ಕೊಡಯ್ಯ.’ ಕೊಟ್ಟೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು: ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಅವರು ಇಡೀ ಸಾಲಿಗೆ ಗೆರೆ ಹಾಕಲಿಲ್ಲ. ‘ನೋವಾಗಿದ್ದರೆ’ ಅನ್ನುವುದರ ಕೊನೆಯ ‘ರೆ’ಗೆ ಮಾತ್ರ ಹಾಕಿದರು. ಪೆನ್ಸಿಲ್ ಮೊನೆ ಕಾಗದದಲ್ಲಿ ಇಳಿಯುವಷ್ಟು ಒತ್ತಿ.

‘ಆ ಮನುಷ್ಯ ಪೂರ್ತಿ ಈ ‘ರೆ’ಯೊಳಗೆ ಕೂತಿದ್ದಾನೆ. ನೀನು ಅವನನ್ನ ಎತ್ತಿ ಹೊರಗೆ ಬಿಟ್ಟಿದ್ದೀಯ’ ಅಂದರು.

ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ತಿಂಗಳ ಫೈಲು ತರಿಸಿದರು. ಅದರಲ್ಲಿ ಬೇರೆ ಪಕ್ಷದ ಒಬ್ಬರ ಇಂಥದೇ ಸುದ್ದಿ ನಾನೇ ಬರೆದದ್ದಿತ್ತು. ‘ಉದ್ಧಟತನ’, ‘ಕಾಟಾಚಾರಕ್ಕೆ’ ಎಲ್ಲ ಅದರಲ್ಲಿದ್ದವು. ಎರಡರಿಂದಲೂ ಹೆಸರುಗಳನ್ನು ಬ್ಲೇಡಿನಿಂದ ಕತ್ತರಿಸಿದರು, ಗೋಂದು ಹಚ್ಚಿ ಅದಲುಬದಲು ಅಂಟಿಸಿದರು. ‘ಈಗ ಗಟ್ಟಿಯಾಗಿ ಓದು.’ ನಮ್ಮ ಶಾಸಕರ ಹೆಸರಿನ ಮುಂದೆ ‘ಉದ್ಧಟತನ’ ಬಂದಾಗ ನನ್ನ ಗಂಟಲು ಕಟ್ಟಿತು. ಪ್ರೂಫ್ ಒಯ್ಯಲು ಬಂದ ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹಾಸ್ಟೆಲ್ ಸೀಟಿನ ವಿಷಯ ಮೇಷ್ಟ್ರಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿಯದು. ಗೊತ್ತಿರಲಿಲ್ಲವೋ ಏನೋ.

ಆ ಗೋಂದಿನ ಕಮಟು ವಾಸನೆ ನಿಮ್ಮ ಎರಡನೇ ಪುಟದಲ್ಲಿ ಮತ್ತೆ ಬಂತು. ಅದಕ್ಕೇ ಸಿಟ್ಟು.

ರಮೇಶ್ ಕುಮಾರ್ ಮರುದಿನ ಸದನದಲ್ಲಿ ಹೇಳಿದ್ದರಲ್ಲಿಯೂ ಮಹಿಳೆಯರಿಗೆ ‘ನೋವಾಗಿದ್ದರೆ’ ಎಂಬ ಪದವಿತ್ತು. ಆಮೇಲೆ ಹೃದಯದಿಂದ ಕ್ಷಮೆ ಕೇಳುತ್ತೇನೆ ಎಂದರು, ಅದನ್ನೂ ಬರೆಯಿರಿ. ಆದರೆ ‘ರೆ’ ನುಂಗಬೇಡಿ. ಸಂವಿಧಾನ ಬದಲಿಸಲೆಂದೇ ಬಂದಿದ್ದೇವೆ ಎಂದಿದ್ದ ಬಿಜೆಪಿಯ ಅನಂತಕುಮಾರ್ ಹೆಗಡೆ 2017ರ ಡಿಸೆಂಬರ್ 28ರಂದು ಲೋಕಸಭೆಯಲ್ಲಿ ಕ್ಷಮೆ ಕೇಳಿದ್ದೂ ಇದೇ ವರಸೆಯಲ್ಲಿ: ಯಾರಿಗಾದರೂ ನೋವಾಗಿದ್ದರೆ. ಅದನ್ನು ನಾಲ್ಕನೇ ಪುಟದಲ್ಲಿ ‘ಕಾಟಾಚಾರದ ಕ್ಷಮೆ’ ಎಂದು ಕರೆದಿದ್ದೀರಿ. ಸರಿಯಾಗಿಯೇ ಕರೆದಿದ್ದೀರಿ. ಅದೇ ಅಕ್ಷರ ಎರಡನೇ ಪುಟದಲ್ಲಿ ಹೇಗೆ ದೊಡ್ಡತನವಾಯಿತು?

ನಮ್ಮ ಬೆಳಗಾವಿ ಕಡೆಯ ಸೊಸೆ ಕರ್ನಲ್ ಸೋಫಿಯಾ ಖುರೇಷಿ ಬಗ್ಗೆ 2025ರ ಮೇನಲ್ಲಿ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಆಡಿದ ಮಾತನ್ನು ನೀವು ಪ್ರಸ್ತಾಪಿಸಿದ್ದೀರಿ. ಆಮೇಲೆ ಅವರು ಕೇಳಿದ ಕ್ಷಮೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ತನಿಖೆಗೆ ಎಸ್‌ಐಟಿ ಮಾಡಿತು. ಕೋರ್ಟೇ ಕ್ಷಮೆಯನ್ನು ತೂಗಿ ನೋಡುವಾಗ ನಾವು ತೂಗದೆ ಅಚ್ಚು ಹಾಕುವುದೇ?

ಇನ್ನು ಎರಡನೇ ತಪ್ಪು. ಇದು ಬೇರೆ ಥರದ್ದು, ಇದಕ್ಕೆ ಸಿಟ್ಟಿಲ್ಲ, ಹೊಟ್ಟೆಯುರಿ ಅಷ್ಟೇ. ಒಂಬತ್ತನೇ ಪುಟದ ಕೆಳಗೆ ನಿಮ್ಮ ಸಾಲು: ‘ಒಟ್ಟಿನಲ್ಲಿ ಯಾವ ಪಕ್ಷವೂ ಮಾತಿಗಾಗಿ ಯಾರ ಮೇಲೂ ಕ್ರಮ ಕೈಗೊಳ್ಳುವುದಿಲ್ಲ. ಯತ್ನಾಳ್‌ರಂಥ ಅಪವಾದ ಬಿಟ್ಟರೆ.’

ಅಯ್ಯೋ ಮಾರಾಯರೇ! ಲೇಖನ ಇದ್ದದ್ದೇ ಅಲ್ಲಿ. ನೀವು ಅದರ ಮೇಲೆ ಚಾಪೆ ಹಾಸಿ ಮಲಗಿದ್ದೀರಿ.

2020ರ ಫೆಬ್ರುವರಿಯಲ್ಲಿ ಬಿಜೆಪಿ ಶಾಸಕ ಬಸನಗೌಡ ಪಾಟೀಲ ಯತ್ನಾಳ್ ಅವರು ಎಚ್.ಎಸ್. ದೊರೆಸ್ವಾಮಿಯವರನ್ನು ನಕಲಿ ಸ್ವಾತಂತ್ರ್ಯ ಹೋರಾಟಗಾರ ಅಂದರು, ಪಾಕಿಸ್ತಾನದ ಏಜೆಂಟ್ ಅಂದರು. ದೊರೆಸ್ವಾಮಿಯವರಿಗೆ ಆಗ 101 ವರ್ಷ. ಕ್ವಿಟ್ ಇಂಡಿಯಾ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ 14 ತಿಂಗಳು ಕಳೆದವರು. ‘ಪೌರವಾಣಿ’ ನಡೆಸಿದವರು, ಅಂದರೆ ನಮ್ಮ ಕಸುಬಿನವರೂ ಹೌದು. ಆ ಜೈಲೇ ಈಗಿನ ಫ್ರೀಡಂ ಪಾರ್ಕ್. ತಾವು ಬಂದಿಯಾಗಿದ್ದ ಜಾಗದಲ್ಲೇ ಇಳಿವಯಸ್ಸಿನಲ್ಲಿ ಧರಣಿ ಕೂರುತ್ತಿದ್ದ ಆ ಬಿಳಿ ಖಾದಿಯ ಮುದುಕರನ್ನು ಬೆಂಗಳೂರಿನಲ್ಲಿ ನೋಡದವರು ಕಡಿಮೆ. ಸದನದಲ್ಲಿ ಗದ್ದಲವಾಯಿತು. ಯತ್ನಾಳ್ ಕ್ಷಮೆ ಕೇಳಲಿಲ್ಲ. ‘ರೆ’ ಕೂಡ ಇಲ್ಲ. ಪಕ್ಷ ಅವರನ್ನು ಇಟ್ಟುಕೊಂಡಿತು. 2021ರ ಮೇನಲ್ಲಿ ದೊರೆಸ್ವಾಮಿ ತೀರಿಕೊಂಡರು.

2025ರ ಮಾರ್ಚ್ 26ರಂದು ಅದೇ ಪಕ್ಷ ಅದೇ ಯತ್ನಾಳ್ ಅವರನ್ನು ಆರು ವರ್ಷ ಉಚ್ಚಾಟಿಸಿತು. ಯಾಕೆ? ಯಡಿಯೂರಪ್ಪ ಮತ್ತು ಅವರ ಮಗ, ರಾಜ್ಯಾಧ್ಯಕ್ಷ ವಿಜಯೇಂದ್ರ ಅವರನ್ನು ಬಿಡದೆ ಟೀಕಿಸಿದ್ದಕ್ಕೆ. ಅದರ ಹೆಸರು ಶಿಸ್ತು.

ಕಾಂಗ್ರೆಸ್ಸಿನ ಕಡೆಯೂ ತಿರುಗಿ. 2025ರ ಆಗಸ್ಟ್ 8ರಂದು, ನೋಡಿ ಮತ್ತೆ ಅದೇ ಫ್ರೀಡಂ ಪಾರ್ಕ್, ರಾಹುಲ್ ಗಾಂಧಿ ಮತಗಳವಿನ ಬಗ್ಗೆ ಸಭೆ ಮಾಡಿದರು. ಮತದಾರರ ಪಟ್ಟಿ ತಯಾರಾದಾಗ ನಮ್ಮದೇ ಸರ್ಕಾರ ಇತ್ತಲ್ಲ, ಆಗ ಕಣ್ಣು ಮುಚ್ಚಿಕೊಂಡಿದ್ದೆವಾ ಎಂಬರ್ಥದಲ್ಲಿ ಸಚಿವ ಕೆ.ಎನ್. ರಾಜಣ್ಣ ಮಾತಾಡಿದರು. ಆಗಸ್ಟ್ 11ಕ್ಕೆ ಸಂಪುಟದಿಂದ ಹೊರಗೆ. ಅವರು ಯಾರನ್ನೂ ಬೈದಿರಲಿಲ್ಲ. ರಮೇಶ್ ಕುಮಾರ್‌ಗೆ 2023ರಲ್ಲಿ ಶ್ರೀನಿವಾಸಪುರದ ಟಿಕೆಟ್ ಸಿಕ್ಕಿತ್ತು. ಸೋತರು, ಅದು ಬೇರೆ ಮಾತು.

ಹಾಗಾಗಿ ಪಕ್ಷಗಳು ಕ್ರಮ ಕೈಗೊಳ್ಳುವುದಿಲ್ಲ ಎಂಬುದು ಸುಳ್ಳು. ಕೈಗೊಳ್ಳುತ್ತವೆ, ಬಸ್ಸಿಗಿಂತ ಬೇಗ. ಯಾರಿಗೆ ನೋವಾಯಿತು ಎಂದು ನೋಡಿ ಅಲ್ಲ, ಪಕ್ಷಕ್ಕೆ ಎಲ್ಲಿ ಚುಚ್ಚಿತು ಎಂದು ನೋಡಿ. ಇದನ್ನು ನೀವು ಹಿಡಿದಿದ್ದರೆ ನಿಮ್ಮ ಉಳಿದ ಉದಾಹರಣೆಗಳೂ ತಾವಾಗಿ ಸಾಲುಗಟ್ಟುತ್ತಿದ್ದವು. ಬಿಜೆಪಿ ವಕ್ತಾರೆ ನೂಪುರ್ ಶರ್ಮಾ ಟಿವಿಯಲ್ಲಿ ಪ್ರವಾದಿ ಮಹಮ್ಮದರ ಬಗ್ಗೆ ಮಾತಾಡಿದ್ದು 2022ರ ಮೇ 26ರಂದು. ಅಮಾನತಾದದ್ದು ಜೂನ್ 5ಕ್ಕೆ, ಕತಾರ್, ಕುವೈತ್ ನಮ್ಮ ರಾಯಭಾರಿಗಳನ್ನು ಕರೆಸಿ ಪ್ರತಿಭಟಿಸಿದ ದಿನ. 2017ರ ಡಿಸೆಂಬರ್‌ನಲ್ಲಿ ಮಣಿಶಂಕರ್ ಅಯ್ಯರ್ ಮೋದಿಯವರಿಗೆ ‘ನೀಚ್’ ಎಂಬ ಪದ ಬಳಸಿದ ದಿನವೇ ಕಾಂಗ್ರೆಸ್ ಅಮಾನತು ಮಾಡಿತು, ಯಾಕೆಂದರೆ ಗುಜರಾತಿನಲ್ಲಿ ಮತದಾನಕ್ಕೆ ಎರಡೇ ದಿನ ಇತ್ತು. ಮುಂದಿನ ಆಗಸ್ಟ್‌ನಲ್ಲಿ ವಾಪಸ್ ಕರೆದುಕೊಂಡಿತು. ದಕ್ಷಿಣದವರು ಆಫ್ರಿಕಾದವರ ಹಾಗೆ ಕಾಣುತ್ತಾರೆ ಎಂದ ಸ್ಯಾಮ್ ಪಿತ್ರೋಡಾ 2024ರ ಮೇ 8ರಂದು ಸಾಗರೋತ್ತರ ಕಾಂಗ್ರೆಸ್ಸಿನ ಅಧ್ಯಕ್ಷ ಹುದ್ದೆ ಬಿಟ್ಟರು, ಚುನಾವಣೆ ಮುಗಿದ ಮೇಲೆ ಜೂನ್ 26ಕ್ಕೆ ಅದೇ ಕುರ್ಚಿಯಲ್ಲಿ ಕೂತರು. 49 ದಿನ.

ಕಾನೂನಿನ ಬಗ್ಗೆ ಬರೆದ ಎರಡು ಪುಟ ಜಾಸ್ತಿಯಾಯಿತು. ಅದರಲ್ಲಿ ಒಂದನ್ನು ಮಾತ್ರ ಉಳಿಸಿ. ಸಚಿವರ ಮಾತಿಗೆ ಸರ್ಕಾರ ಹೊಣೆಯಲ್ಲ ಎಂದು 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಹೇಳಿದಾಗ, ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಪ್ರತ್ಯೇಕವಾಗಿ ಬರೆದರಲ್ಲ, ಪಕ್ಷಗಳೇ ತಮ್ಮವರ ಮಾತಿಗೆ ಕಡಿವಾಣ ಹಾಕಬೇಕು, ಬೇಕಾದರೆ ನೀತಿಸಂಹಿತೆ ಮಾಡಿಕೊಳ್ಳಲಿ ಅಂತ, ಆ ಭಾಗ. ಯತ್ನಾಳ್ ಕಥೆಯ ಪಕ್ಕದಲ್ಲಿ ಇಟ್ಟರೆ ಅದು ತಾನೇ ಮಾತಾಡುತ್ತದೆ. ನೀವು ಸುಮ್ನೆ ಇದ್ದರೆ ಸಾಕು.

ಮತ್ತೆ ಬರೆದು ಕಳಿಸಿ. ದೊರೆಸ್ವಾಮಿಯವರಿಂದ ಶುರು ಮಾಡಿ, ಆರು ಪುಟ ಸಾಕು. ಗಾದೆ ಬೇಡ. ಹೊಸ ಪ್ರತಿ ಸಿದ್ಧವಾದ ಮೇಲೆ ಹೆಸರುಗಳನ್ನು ಅದಲುಬದಲು ಮಾಡಿ ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಗಂಟಲು ಕಟ್ಟುತ್ತದೋ ಅಲ್ಲಿ ಗುರುತು ಹಾಕಿ. ಗೋಂದು ಬೇಕಾಗಿಲ್ಲ, ಈಗ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಆಗುತ್ತದಂತೆ.

ಕಳಿಸುವಾಗ ಪಿಡಿಎಫ್ ಬೇಡ. ನನಗೆ ಅದರ ಮೇಲೆ ಗೆರೆ ಹಾಕಲು ಬರುವುದಿಲ್ಲ.

ಇಂತಿ,
ಸಂಪಾದಕ